ಕೆರೆಯ ಮೀನಿಗೆ ವೈಶಾಖದ ಅಳತೆ

ಗಾಳ ಹಾಕಿ ಮೀನು ಹಿಡಿಯುವ ವಿನೋದವು ಆಂಗ್ಲರ ಸಹವಾಸದಿಂದ ನಮಗೆ ಅಂಟಿದ ಹವ್ಯಾಸವೆಂದು ತಿಳಿದವರು ಬಹುಮಂದಿ ಇದ್ದಾರೆ. ಆದರೆ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು, ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ, ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ವಿಶ್ವಕೋಶಸದೃಶವಾದ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣ ಮೀಸಲಾಗಿದ್ದು, ಗಾಳಕ್ಕೆ ತಕ್ಕ ದಾರ ಯಾವುದು, ಕೋಲು ಹೇಗಿರಬೇಕು, ಯಾವ ಜಾತಿಯ ಮೀನಿಗೆ ಯಾವ ಆಹಾರವನ್ನೊಡ್ಡಬೇಕು ಎಂಬಿತ್ಯಾದಿ ವಿವರಗಳು ಅಲ್ಲಿ ಬಂದಿವೆ, ಮತ್ಸ್ಯಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಅದನ್ನು ಕುರಿತು ಬರೆದ ತರುವಾಯ, ಮೀನುಗಾರಿಕೆಯ ಚರಿತ್ರೆಯನ್ನು ಅಭ್ಯಸಿಸುವವರಿಗೆಲ್ಲ ಆ ಪ್ರಕರಣ ಪರಿಚಿತವಾಗಿದೆ. ಮೀನಿಗೆ ಮೇವು ಹಾಕುವ ಕ್ರಮವನ್ನೂ ಆ ಅರಸನು ಬಿಟ್ಟಿಲ್ಲ. ಅವನ ಕಾಲದ ಮೀನು ತಾನಾಗಿ ಹುಟ್ಟಿ ತಾನಾಗಿ ಬೆಳೆದುದು. ಹೊಳೆಯ ಒಂದು ಮಡುವಿನಲ್ಲಿ ಇಲ್ಲವಾದರೆ ಇನ್ನೊಂದು ಮಡುವಿನಲ್ಲಿ ಸಿಕ್ಕುತ್ತಿತ್ತು. ಇಂದು ನಮ್ಮ ಕೆರೆಗಳ ಮೀನು ಬಹುಮಟ್ಟಿಗೆ ಮನುಷ್ಯನು ಎಣಿಸಿ ತಂದು ಬಿಟ್ಟುದು. ಎಣಿಸುವವನ ಲೆಕ್ಕ ತಪ್ಪಿದರೆ ಅದರ ಫಲವನ್ನು ಮೊದಲು ಉಣ್ಣುವುದು ನೀರು, ಆಮೇಲೆ ಮೀನು, ಕಡೆಗೆ ಆ ನೀರನ್ನು ನಂಬಿಕೊಂಡ ಊರು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಮಂಡ್ಯ ಜಿಲ್ಲೆಯಲ್ಲಿ ಒಂದನ್ನೊಂದು ಒತ್ತಿಕೊಂಡೇ ಇದ್ದರೂ ನೀರಿನ ಭಾಗ್ಯದಲ್ಲಿ ಸಮಾನವಾದವುಗಳಲ್ಲ. ಶ್ರೀರಂಗಪಟ್ಟಣವನ್ನು ಕಾವೇರಿಯು ಎರಡು ಕವಲಾಗಿ ಬಳಸಿ ಹರಿಯುತ್ತಾಳೆ. 1911ರಲ್ಲಿ ಕೆಲಸ ಮೊದಲಾದ ಕನ್ನಂಬಾಡಿ ಕಟ್ಟೆಯ ಹಿನ್ನೀರು ಪಾಂಡವಪುರದ ಅಂಚನ್ನು ಸವರಿಕೊಂಡು ಕೃಷ್ಣರಾಜಪೇಟೆಯ ಅಕ್ಕಿಹೆಬ್ಬಾಳಿನ ಕಡೆಗೆ ಚಾಚಿದೆ. ಹೇಮಾವತಿಯು ಕಾವೇರಿಯನ್ನು ಕೂಡುವುದು ಆ ಭಾಗದಲ್ಲಿಯೇ. ಗೊರೂರಿನ ಅಣೆಕಟ್ಟೆಯಾದ ಬಳಿಕ ಹೇಮಾವತಿಯ ನಾಲೆಗಳು ಒಳನಾಡಿನತ್ತ ಬಂದುವು. ಆದರೂ ನಾಗಮಂಗಲದ ಸೀಮೆಯಲ್ಲಿ, ಮಳೆಯನ್ನೇ ಮುಖ್ಯವಾಗಿ ನಂಬಿದ ಕೆರೆಗಳು ಈಗಲೂ ಉಂಟು. ಭಾದ್ರಪದ ಆಶ್ವಯುಜಗಳಲ್ಲಿ ಕೋಡಿ ಬೀಳುವ ಸಂಭ್ರಮವನ್ನು ಕಾಣುವ ಆ ಕೆರೆಗಳು ಚೈತ್ರ ವೈಶಾಖಗಳಲ್ಲಿ ತೂಬಿನ ಮುಂದಣ ತಗ್ಗಿನಷ್ಟಕ್ಕೆ ಕುಗ್ಗಿ, ಅಂಗಳವೆಲ್ಲ ಬಿರುಕು ಬಿಟ್ಟು, ದನಗಳು ಕೆಸರನ್ನು ತುಳಿದು ನೀರಿಗೆ ಇಳಿಯಬೇಕಾಗುವ ಸ್ಥಿತಿಗೆ ಬರುತ್ತವೆ.

ಈ ಪ್ರಾಂತದ ಕೆರೆಗಳಲ್ಲಿ ಸ್ವಚ್ಛತೆಗೆ ಹೆಸರಾದುದು ಪಾಂಡವಪುರದ ಸಮೀಪದ ತೊಣ್ಣೂರು ಕೆರೆ. ಬೆಟ್ಟಗಳ ನಡುವಣ ಕಂದರಕ್ಕೆ ಏರಿಯಿಟ್ಟು ನಿಲ್ಲಿಸಿದ, ರಾಮಾನುಜಾಚಾರ್ಯರ ಹೆಸರಿನೊಡನೆ ಜನರು ನೆನೆಯುವ ಈ ಜಲರಾಶಿಯನ್ನು 1746ರಲ್ಲಿ ಕಂಡ ದಖನ್ನಿನ ಸುಬೇದಾರನ ಮಗ ನಾಸಿರ್ ಜಂಗನು ಅದನ್ನು ಮೋತಿ ತಲಾಬ್, ಮುತ್ತಿನ ಕೆರೆ, ಎಂದು ಕರೆದನೆಂಬುದು ಪ್ರಸಿದ್ಧವಾದ ಸಂಗತಿ. ಆ ನಿರ್ಮಲತೆಗೆ ಆಳವೂ ಕಾರಣ, ಸುತ್ತಣ ಕಲ್ಲುಗುಡ್ಡಗಳೂ ಕಾರಣ: ಆಳವಾದ ನೀರಿನಲ್ಲಿ ತಳದ ಕೆಸರು ಸುಲಭವಾಗಿ ಮೇಲೇಳದು, ಕಲ್ಲುಗುಡ್ಡದಿಂದ ಇಳಿವ ನೀರು ಗೊಬ್ಬರವನ್ನು ಹೆಚ್ಚಾಗಿ ಹೊತ್ತು ತಾರದು. ಉಳಿದ ಕೆರೆಗಳಲ್ಲಿ ಬಹುಪಾಲು ಇಂಥ ಅನುಕೂಲ ಪಡೆದವುಗಳಲ್ಲ. ಅವು ವಿಸ್ತಾರವಾಗಿವೆ, ಆಳವಾಗಿಲ್ಲ. ಶತಮಾನಗಳ ಹೂಳು ಅವುಗಳ ಹೊಟ್ಟೆಯನ್ನು ತುಂಬಿದೆ. ಮೀನಿನ ಬಿತ್ತನೆ ನಡೆಯುವುದು ಹೆಚ್ಚಾಗಿ ಇಂಥ ಕೆರೆಗಳಲ್ಲಿ. ಗಾಳದವರು ಸಂಜೆಹೊತ್ತು ಎರೆಹುಳುವನ್ನೋ ರಾಗಿಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿಕೊಂಡು ಕೂರುವುದೂ ಇಂಥ ಕೆರೆಗಳ ಏರಿಯ ಮೇಲೆಯೇ.

ಹಿಂದೆ ಕೆರೆಯ ಮೀನೆಂದರೆ ಮಳೆನೀರಿನೊಡನೆ ಹಳ್ಳಕೊಳ್ಳಗಳಿಂದ ಏರಿಬಂದ ಪಕ್ಕೆ, ಗೆಂಡೆ, ಕೊರವ, ಹಾವುಮೀನುಗಳು. ಕೆರೆ ಬತ್ತಿದ ವರ್ಷ ಮೀನೂ ಬತ್ತುತ್ತಿತ್ತು; ತುಂಬಿದ ವರ್ಷ ಮತ್ತೆ ಬರುತ್ತಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು, ನಿಂತ ನೀರಿನಲ್ಲಿ ಮರಿ ಮಾಡದ ನಮ್ಮ ಗೆಂಡೆಜಾತಿಯ ಮೀನುಗಳನ್ನು ಗ್ರಂಥಿರಸದ ಚುಚ್ಚುಮದ್ದಿನಿಂದ ಪ್ರೇರೇಪಿಸಿ ಮರಿಮಾಡಿಸುವುದರಲ್ಲಿ ಯಶಸ್ವಿಯಾದ ಮೇಲೆ, ಗಂಗಾನದಿಯ ಕಾಟ್ಲಾ, ರೋಹು, ಮೃಗಾಲ್‌ಗಳು ದಕ್ಷಿಣದ ಕೆರೆಕೆರೆಗೂ ಇಳಿಯುವ ದಾರಿ ತೆರೆಯಿತು. ಅವುಗಳ ಜೊತೆಗೆ ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಎಂಬ ಪರದೇಶದ ಮೂರು ಜಾತಿಗಳೂ ಸೇರಿ ಮಿಶ್ರಮೀನು ಕೃಷಿ ಎಂಬುದು ರೂಪುಗೊಂಡಿತು. ಮೇಲಿನ ನೀರಿನಲ್ಲಿ ಮೇಯುವುದೊಂದು, ನಡುನೀರಿನಲ್ಲಿ ಮೇಯುವುದೊಂದು, ತಳವನ್ನು ಕೆದಕಿ ತಿನ್ನುವುದೊಂದು, ಹೀಗೆ ಕೆರೆಯ ಆಹಾರವೆಲ್ಲ ಮೀನಾಗಿ ಮಾರ್ಪಡಬೇಕೆಂಬುದು ಅದರ ತತ್ತ್ವ. ಇದು ಸಣ್ಣ ಸಾಧನೆಯಲ್ಲ. ಬಡವರ ಊಟಕ್ಕೆ ಸಾರವತ್ತಾದ ಆಹಾರ ದೊರೆಯಿತು. ಹೊಳೆಯನ್ನು ನಂಬಿದ್ದ ಬೆಸ್ತರ ಕುಟುಂಬಗಳಿಗೆ ಒಳನಾಡಿನಲ್ಲಿಯೂ ಜೀವನೋಪಾಯ ಒದಗಿತು. ಸಹಕಾರ ಸಂಘಗಳು ಕೆರೆಯನ್ನು ಗುತ್ತಿಗೆಗೆ ಹಿಡಿದು ನಾಲ್ಕು ಕಾಸು ಕಂಡುವು. ಮೀನಿನ ಬಿತ್ತನೆಯನ್ನೇ ದೂಷಿಸುವುದು ನನ್ನ ಉದ್ದೇಶವಲ್ಲ. ಬಿತ್ತನೆಗೆ ಒಂದು ಮಿತಿಯುಂಟು, ಆ ಮಿತಿಯನ್ನು ನಾವು ಅಳೆಯುತ್ತಿರುವ ಕಾಲವೇ ತಪ್ಪು, ಎಂಬುದಿಷ್ಟನ್ನೇ ನಾನು ಹೇಳಬಯಸುವುದು.

ಮೇವು ಹಾಕಿ ಸಾಕುವ ಕೊಳಕ್ಕೆ ಹೆಕ್ಟೇರಿಗೆ 5000ದಿಂದ 10000 ಮರಿ ಬಿಡಬಹುದೆಂಬುದು ಮೀನುಕೃಷಿಯ ಪುಸ್ತಕಗಳಲ್ಲಿ ಬರುವ ಸಾಮಾನ್ಯ ಸೂತ್ರ. ದೊಡ್ಡ ಕೆರೆಗಳಿಗೆ ಅದಕ್ಕಿಂತ ಕಡಿಮೆ. ಈ ಸೂತ್ರಗಳಲ್ಲೆಲ್ಲ ಗಮನಿಸಬೇಕಾದ ಅಂಶವೊಂದುಂಟು. ಲೆಕ್ಕ ನಡೆಯುವುದು ಜಲದ ವಿಸ್ತೀರ್ಣದ ಮೇಲೆ. ಮರಿ ಬಿಡುವುದು ಆಷಾಢ ಶ್ರಾವಣಗಳಲ್ಲಿ, ನೀರು ಏರುತ್ತಿರುವಾಗ ಅಥವಾ ಏರಿ ನಿಂತಾಗ. ಆ ವಿಸ್ತೀರ್ಣವನ್ನು ಅರ್ಧಕ್ಕಿಳಿಸಿ ಎಣಿಸಿದರೂ ಆಳದ ಸಂಗತಿ ಅದರೊಳಗೆ ಬರುವುದಿಲ್ಲ. ಅದೆಂತೆಂಬುದನ್ನು ಒಂದು ಕಲ್ಪಿತ ಕೆರೆಯ ಉದಾಹರಣೆಯಿಂದ ತಿಳಿಯಬಹುದು. ತುಂಬಿದಾಗ 10 ಹೆಕ್ಟೇರು ಹರಡಿ, ಸರಾಸರಿ 3 ಮೀಟರು ಆಳವಿರುವ ಕೆರೆಯಲ್ಲಿ 3 ಲಕ್ಷ ಘನಮೀಟರು ನೀರು ನಿಲ್ಲುತ್ತದೆ. ಬೇಸಿಗೆಯ ಕಡೆಯಲ್ಲಿ ಅದೇ ಕೆರೆ 2 ಹೆಕ್ಟೇರಿಗೆ ಕುಗ್ಗಿ, ಆಳ ಮುಕ್ಕಾಲು ಮೀಟರಿಗೆ ಇಳಿದರೆ, ಉಳಿಯುವ ನೀರು 15000 ಘನಮೀಟರು. ವಿಸ್ತೀರ್ಣ ಐದನೆಯ ಒಂದು ಪಾಲಾಯಿತು. ನೀರು ಇಪ್ಪತ್ತನೆಯ ಒಂದು ಪಾಲಾಯಿತು. ಇತ್ತ ಮೀನಾದರೋ ಕುಗ್ಗಲಿಲ್ಲ, ಬೆಳೆಯಿತು. ಹೆಕ್ಟೇರಿಗೆ 4000ದಂತೆ ಬಿಟ್ಟ 40000 ಮರಿಗಳಲ್ಲಿ ಅರ್ಧದಷ್ಟು ಬದುಕಿ, ಒಂದೊಂದು ಅರ್ಧ ಕಿಲೋ ತೂಗಿದರೂ 10000 ಕಿಲೋ ಮೀನಾಗುತ್ತದೆ. ಒಂದು ಘನಮೀಟರು ನೀರಿನ ಪಾಲಿಗೆ, ತುಂಬಿದ ಕೆರೆಯಾಗಿದ್ದರೆ 33 ಗ್ರಾಂ ಮೀನು ಬರುತ್ತಿತ್ತು. ವೈಶಾಖದಲ್ಲಿ ಬರುವುದು 660 ಗ್ರಾಮಿಗೂ ಮೇಲೆ.

ನೀರಿನಲ್ಲಿ ಕರಗಿದ ಆಮ್ಲಜನಕವೇ ಮೀನಿನ ಉಸಿರು. ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 30 ಡಿಗ್ರಿ ಉಷ್ಣದ ಒಂದು ಲೀಟರು ನೀರು ಸಮುದ್ರಮಟ್ಟದಲ್ಲಿ ಗಾಳಿಯಿಂದ ಕರಗಿಸಿಕೊಳ್ಳಬಲ್ಲುದು 7.5 ಮಿಲಿಗ್ರಾಂ ಮಾತ್ರ. ನಮ್ಮ ಪ್ರಸ್ಥಭೂಮಿಯ ಎತ್ತರದಲ್ಲಿ 7ರ ಆಸುಪಾಸು. ನೀರು ಕಾದಷ್ಟೂ ಅದು ಹಿಡಿದಿಡುವ ಆಮ್ಲಜನಕ ಕಡಿಮೆ. ಅದೇ ಕಾವಿನಲ್ಲಿ ಮೀನಿನ ಮೈಯ ಬೇಡಿಕೆ ಹೆಚ್ಚು. ಬೆಚ್ಚನೆಯ ನೀರಿನಲ್ಲಿ ಒಂದು ಕಿಲೋ ಮೀನು ಗಂಟೆಗೆ ಸುಮಾರು 250 ಮಿಲಿಗ್ರಾಂ ಆಮ್ಲಜನಕವನ್ನು ಸೇವಿಸುತ್ತದೆಂದು ಇಟ್ಟುಕೊಂಡರೆ, ಮೇಲೆ ಹೇಳಿದ ಕೆರೆಯಲ್ಲಿ ಭಾದ್ರಪದದ ಒಂದು ರಾತ್ರಿಯಲ್ಲಿ ಮೀನುಗಳೆಲ್ಲ ಅಷ್ಟೇ ತೂಕವಿದ್ದರೂ ಲೀಟರಿಗೆ 0.1 ಮಿಲಿಗ್ರಾಂ ಖರ್ಚಾಗುತ್ತಿತ್ತು. ವೈಶಾಖದ ರಾತ್ರಿಯಲ್ಲಿ 2 ಮಿಲಿಗ್ರಾಂ ಹೋಗುತ್ತದೆ. ಇದು ಮೀನಿನ ಖರ್ಚು ಮಾತ್ರ. ಹಗಲಲ್ಲಿ ಸೂರ್ಯನ ಬೆಳಕಿನಿಂದ ಆಮ್ಲಜನಕವನ್ನು ಉಂಟುಮಾಡಿದ ಪಾಚಿಯು ಕತ್ತಲಾದೊಡನೆ ತಾನೂ ಅದನ್ನೇ ಸೇವಿಸತೊಡಗುತ್ತದೆ. ತಳದ ಕೆಸರಿನಲ್ಲಿ ಕೊಳೆಯುತ್ತಿರುವ ವಸ್ತುವೂ ಸೇವಿಸುತ್ತದೆ. ಇವೆರಡರ ಖರ್ಚು ಮೀನಿನ ಖರ್ಚನ್ನು ಮೀರುವುದೇ ಸಾಮಾನ್ಯ. ಗೆಂಡೆಜಾತಿಯ ಮೀನು ಸುಖವಾಗಿರಲು ಲೀಟರಿಗೆ 5 ಮಿಲಿಗ್ರಾಂ ಬೇಕು. 3ಕ್ಕಿಂತ ಇಳಿದರೆ ಮೇವು ಬಿಡುತ್ತದೆ. ಇನ್ನೂ ಇಳಿದರೆ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚತೊಡಗುತ್ತದೆ.

ಹೀಗೆ ಮೀನು ಬಾಯಿಬಿಡುವ ಹೊತ್ತು ಬೆಳಗಿನ ಜಾವ. ಸಂಜೆಯಲ್ಲಿ ಆ ನೀರನ್ನು ಪರೀಕ್ಷಿಸಿದವನಿಗೆ ಯಾವ ದೋಷವೂ ಕಾಣದು. ಮಧ್ಯಾಹ್ನದ ಬಿಸಿಲಿನಲ್ಲಿ ಹಸಿರಾದ ನೀರು ಆಮ್ಲಜನಕದಿಂದ ತುಂಬಿಯೇ ಇರುತ್ತದೆ. ಎರಡು ಮೂರು ದಿನ ಮೋಡ ಕವಿದು ಗಾಳಿ ನಿಂತಿತೆಂದರೆ ಹಗಲಿನ ಗಳಿಕೆಯೂ ತಪ್ಪಿ, ರಾತ್ರಿಯ ಖರ್ಚು ಮಾತ್ರ ಉಳಿಯುತ್ತದೆ. ಬೇಸಿಗೆಯ ಮೊದಲ ಜೋರು ಮಳೆಯೂ ಅಪಾಯಕರವೇ: ತಳದ ಕೆಟ್ಟ ನೀರು ಮೇಲಿನ ನೀರಿನೊಡನೆ ಕಲಸಿ, ಅಂಗಳದ ಗೊಬ್ಬರ ಗಂಜಲವೆಲ್ಲ ತೊಳೆದು ಬಂದು, ರಾತ್ರಿ ಬೆಳಗಾಗುವುದರೊಳಗೆ ಕೆರೆಯೆಲ್ಲ ಬೆಳ್ಳಗೆ ತೇಲುವ ಮೀನಾಗಬಹುದು. ಆಗ ಊರಿನಲ್ಲಿ ಮೊದಲು ಹುಟ್ಟುವ ಮಾತು, ಯಾರೋ ಆಗದವರು ವಿಷ ಹಾಕಿದರು ಎಂಬುದು. ಗುತ್ತಿಗೆಯ ವೈಮನಸ್ಯ, ಪಂಚಾಯಿತಿಯ ಪಕ್ಷಗಳು, ಹಳೆಯ ವ್ಯಾಜ್ಯಗಳು ಎಲ್ಲವೂ ಆ ಮಾತಿಗೆ ಪುಷ್ಟಿ ಕೊಡುತ್ತವೆ. ವಿಷ ಹಾಕುವ ದುಷ್ಟತನ ಲೋಕದಲ್ಲಿಲ್ಲವೆಂದು ನಾನು ಹೇಳಲಾರೆ. ಆದರೆ ದೊಡ್ಡ ಮೀನು ಮೊದಲು ಸತ್ತು, ಸಾವು ಬೆಳಗಿನ ಜಾವದಲ್ಲಿ ನಡೆದು, ಗಾಳಿಯನ್ನೇ ಸೇವಿಸಿ ಬದುಕಬಲ್ಲ ಕೊರವ ಮಾತ್ರ ಉಳಿದಿದ್ದರೆ, ಅಪರಾಧಿಯನ್ನು ನೆರೆಮನೆಯಲ್ಲಿ ಹುಡುಕುವ ಮುನ್ನ ಮರಿ ಬಿಟ್ಟ ಲೆಕ್ಕದ ಪುಸ್ತಕವನ್ನು ತೆರೆದು ನೋಡುವುದು ನ್ಯಾಯ.

ಉಸಿರಿನ ತೊಂದರೆಗಿಂತ ನಿಧಾನವಾಗಿ, ಕಣ್ಣಿಗೆ ಬೀಳದಂತೆ, ನಡೆಯುವ ಕೆಡುಕು ಇನ್ನೊಂದು. ಮೀನು ತಿಂದ ಸಸಾರಜನಕದ ಬಹುಭಾಗವನ್ನು ಕಿವಿರಿನ ಮೂಲಕ ಅಮೋನಿಯವಾಗಿ ನೀರಿಗೆ ವಿಸರ್ಜಿಸುತ್ತದೆ. ಈ ಅಮೋನಿಯಕ್ಕೆ ಎರಡು ರೂಪ: ಒಂದು ಬಹುಮಟ್ಟಿಗೆ ನಿರುಪದ್ರವಿ, ಇನ್ನೊಂದು ಕಿವಿರನ್ನು ಸುಡುವ ವಿಷ. ನೀರಿನ ಪಿಎಚ್ 7 ಇದ್ದಾಗ ವಿಷರೂಪವು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದೇ ನೀರು 9ಕ್ಕೆ ಏರಿತೆಂದರೆ ಮೂರರಲ್ಲಿ ಒಂದು ಪಾಲನ್ನು ಮೀರುತ್ತದೆ. ಹಸಿರು ಪಾಚಿ ದಟ್ಟವಾದ ಕೆರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಪಿಎಚ್ 9ನ್ನು ಮುಟ್ಟುವುದು ಅಪರೂಪವಲ್ಲ. ಹಾಗಾಗಿ ಅತಿಯಾಗಿ ಮೀನು ತುಂಬಿದ ಕೆರೆಯಲ್ಲಿ ಬೆಳಗಿನ ಜಾವ ಉಸಿರಿಲ್ಲ, ಮಧ್ಯಾಹ್ನ ವಿಷ. ಈ ಎರಡರ ನಡುವೆ ಸವೆದ ಮೀನಿಗೆ ಹೇನು ಹತ್ತುತ್ತದೆ, ಮೈಮೇಲೆ ಹುಣ್ಣೇಳುತ್ತದೆ, ತೂಕ ಏರುವುದಿಲ್ಲ. ಹೆಚ್ಚು ಮರಿ ಬಿಟ್ಟವನು ಹೆಚ್ಚು ಮೀನನ್ನು ನಿರೀಕ್ಷಿಸಿ, ಕೈತುಂಬ ಸಣ್ಣ ಮೀನನ್ನು ಪಡೆಯುತ್ತಾನೆ. ಸಂತೆಯಲ್ಲಿ ಸಣ್ಣ ಮೀನಿಗೆ ಬೆಲೆಯೂ ಸಣ್ಣದು.

ಮೀನು ಕೃಶವಾಯಿತೆಂದು ಕಂಡೊಡನೆ ಮೇವು ಸುರಿಯುವುದು ಸಹಜವಾದ ಪ್ರವೃತ್ತಿ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ, ಕೋಳಿ ಗೊಬ್ಬರ, ಈಚೆಗೆ ಅಂಗಡಿಯಿಂದ ತಂದ ಗುಳಿಗೆ ಮೇವು. ಇದರ ಲೆಕ್ಕವನ್ನೂ ಒಮ್ಮೆ ನೋಡುವುದು ಉಚಿತ. ಒಂದು ಟನ್ನು ಮೀನು ಬೆಳೆಸಲು ಒಂದೂವರೆ ಟನ್ನು ಮೇವು ಬೇಕಾಯಿತು, ಅದರಲ್ಲಿ ನೂರಕ್ಕೆ 28 ಪಾಲು ಸಸಾರಜನಕ ಪದಾರ್ಥವಿತ್ತು ಎನ್ನೋಣ. ಅದರೊಳಗಿನ ಶುದ್ಧ ಸಾರಜನಕ ಸುಮಾರು 67 ಕಿಲೋ. ಮೀನಿನ ಮೈಗೆ ಸೇರುವುದು 27 ಕಿಲೋ ಆಸುಪಾಸು. ಉಳಿದ 40 ಕಿಲೋ ನೀರಿಗೆ. ಮಂಡ್ಯದ ರೈತನಿಗೆ ಇದರ ಪ್ರಮಾಣ ತಟ್ಟನೆ ಹೊಳೆಯಬೇಕಾದರೆ ಹೀಗೆ ಹೇಳಬಹುದು: ಪ್ರತಿಯೊಂದು ಟನ್ನು ಮೀನಿಗೂ, 45 ಕಿಲೋ ತೂಕದ ಯೂರಿಯಾ ಚೀಲ ಹತ್ತಿರ ಹತ್ತಿರ ಎರಡನ್ನು ಬಿಚ್ಚಿ ಕೆರೆಗೆ ಸುರಿದಷ್ಟು ಸಾರಜನಕವಾಯಿತು. ಆ ನೀರು ತೂಬಿನಿಂದ ಗದ್ದೆಗೆ ಹರಿದರೆ ಬೆಳೆಗೆ ಒಳ್ಳೆಯದೇ, ಅದರಲ್ಲಿ ಸಂದೇಹವಿಲ್ಲ. ಆದರೆ ತೂಬು ಮುಚ್ಚಿದ ಬೇಸಿಗೆಯಲ್ಲಿ ಅದು ಕೆರೆಯಲ್ಲಿಯೇ ನಿಂತು ನೀಲಿಹಸಿರು ಪಾಚಿಯಾಗಿ ಕೆನೆಗಟ್ಟುತ್ತದೆ. ಆ ಪಾಚಿಯ ಕೆಲವು ಜಾತಿಗಳು ಕುಡಿದ ದನಕರುಗಳ ಯಕೃತ್ತನ್ನು ಕೆಡಿಸುವ ವಿಷವನ್ನು ಉಂಟುಮಾಡುತ್ತವೆ. ಬಟ್ಟೆ ಒಗೆಯಲು ಬಂದವರ ಕೈ ಕಾಲು ತುರಿಸುವುದೂ, ನೀರು ವಾಸನೆ ಹೊಡೆಯುವುದೂ ಈ ಕಾಲದಲ್ಲಿಯೇ.

ಮೇವು ಹಾಕದಿದ್ದರೂ ಮೀನಿನ ದಟ್ಟಣೆಯೊಂದೇ ನೀರನ್ನು ಕದಡಬಲ್ಲುದೆಂಬುದನ್ನು ವಿದ್ವಾಂಸರು ಬಹುಕಾಲದ ಹಿಂದೆಯೇ ಕಂಡರು. ಅಮೆರಿಕದಲ್ಲಿ ಆಲ್ವಿನ್ ಕಾನ್ ಎಂಬವರು 1929ರಷ್ಟು ಹಿಂದೆ, ಒಂದು ಸಣ್ಣ ಸರೋವರಕ್ಕೆ ಸಾಮಾನ್ಯ ಗೆಂಡೆ ಸೇರಿದ ಮೇಲೆ ತಿಳಿನೀರು ಕೆಸರಾದುದನ್ನೂ ಜಲಸಸ್ಯಗಳು ನಶಿಸಿದುದನ್ನೂ ವಿವರಿಸಿ ಬರೆದರು. ಈ ಮೀನು ತಳದ ಕೆಸರನ್ನು ಬಾಯಿತುಂಬ ಹೀರಿ, ಹುಳುವನ್ನು ಆರಿಸಿಕೊಂಡು, ಉಳಿದುದನ್ನು ಉಗುಳುತ್ತದೆ. ಕೆಸರಿನಲ್ಲಿ ಅಡಗಿದ್ದ ರಂಜಕವು ಹಾಗೆ ಮತ್ತೆ ನೀರಿಗೆ ಬಂದು ಪಾಚಿಗೆ ಆಹಾರವಾಗುತ್ತದೆ. ಬೊಹೀಮಿಯಾದ ಯಾರೊಸ್ಲಾವ್ ಹರ್ಬಾಚೆಕ್ ಅವರು 1961ರಲ್ಲಿ ತೋರಿಸಿಕೊಟ್ಟ ವಿಷಯ ಇನ್ನೂ ಸೂಕ್ಷ್ಮವಾದುದು. ಪಾಚಿಯನ್ನು ಮೇದು ನೀರನ್ನು ತಿಳಿಯಾಗಿಡುವ ಜೀವಿಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಾದ ನೀರುಚಿಗಟಗಳು. ಮೀನು ದಟ್ಟವಾದರೆ ಅದು ಮೊದಲು ಆರಿಸಿ ತಿನ್ನುವುದು ಅವುಗಳನ್ನೇ. ಮೇಯುವವರು ಇಲ್ಲವಾದ ಮೇಲೆ ಪಾಚಿಗೆ ಅಡ್ಡಿಯುಂಟೆ? ಮೀನು ಪಾಚಿಯನ್ನು ತಿಂದು ನೀರನ್ನು ಶುದ್ಧಮಾಡುತ್ತದೆಂಬ ನಂಬಿಕೆಯಿಂದ ಇನ್ನಷ್ಟು ಮರಿ ಬಿಡುವವರು ಈ ಶೋಧವನ್ನು ಮನನ ಮಾಡಬೇಕು. ಹುಲ್ಲುಗೆಂಡೆಯು ಜೊಂಡು ಜಲಸಸ್ಯಗಳನ್ನು ಕಡಿಮೆ ಮಾಡುವುದು ನಿಜ. ಆದರೆ ಕೆರೆಯ ಅಂಚಿನ ಸಸ್ಯವೆಲ್ಲ ಹೋದರೆ ಅದು ಹಿಡಿದಿಟ್ಟಿದ್ದ ಸಾರವೂ ನೀರಿಗೆ ಬಂದು, ಬೇರೂರಿದ ಹಸಿರಿನ ಸ್ಥಾನದಲ್ಲಿ ತೇಲುವ ಹಸಿರು ನಿಲ್ಲುತ್ತದೆ.

ಮನುಷ್ಯನು ಬಿಡದಿದ್ದರೂ ತಾನಾಗಿ ಕೆರೆಯನ್ನು ತುಂಬುವ ಮೀನೊಂದಿದೆ. 1952ರಲ್ಲಿ ಭಾರತಕ್ಕೆ ತಂದ, ನಮ್ಮವರು ಜಿಲೇಬಿ ಎಂದು ಕರೆಯುವ ತಿಲಾಪಿಯಾ, ಕಾವೇರಿಯ ಕಣಿವೆಯಲ್ಲೆಲ್ಲ ಈಗ ನೆಲೆಸಿದೆ. ತಾಯಿಯು ಮೊಟ್ಟೆಯನ್ನೂ ಮರಿಯನ್ನೂ ಬಾಯೊಳಗೆ ಇಟ್ಟುಕೊಂಡು ಕಾಯುವುದರಿಂದ ಮರಿಗಳ ಸಾವು ಕಡಿಮೆ. ಅಂಗೈಯಗಲವಾಗುವ ಮುನ್ನವೇ ಮರಿಮಾಡಲು ಸಿದ್ಧ. ಕೆಟ್ಟ ನೀರನ್ನೂ ಸಹಿಸುವ ದೇಹ. ಈ ಮೀನಿರುವ ಕೆರೆಗೆ ಹೊಸದಾಗಿ ಎಷ್ಟು ಮರಿ ಬಿಡಬೇಕೆಂದು ಎಣಿಸುವವರು, ಆಗಲೇ ಒಳಗಿರುವುದು ಎಷ್ಟೆಂಬುದನ್ನು ಬಲೆ ಬೀಸಿ ನೋಡದೆ ಎಣಿಸಿದರೆ ಆ ಎಣಿಕೆ ವ್ಯರ್ಥ.

ಇನ್ನು ಗಾಳದವರ ಪಾತ್ರ. ಬೆಂಗಳೂರಿನ ಸುತ್ತಮುತ್ತ, ಹಣ ತೆತ್ತು ಗಾಳ ಹಾಕುವ ಹೊಂಡಗಳು ಹುಟ್ಟಿಕೊಂಡಿವೆ. ರಜಾದಿನದ ವಿನೋದಕ್ಕೆ ಬಂದವನು ಬರಿಗೈಯಲ್ಲಿ ಹಿಂದಿರುಗಬಾರದೆಂಬುದು ಹೊಂಡದ ಒಡೆಯನ ಕಾಳಜಿ. ಅದಕ್ಕಾಗಿ ಅವನು ಮೀನನ್ನು ಒತ್ತೊತ್ತಾಗಿ ತುಂಬುತ್ತಾನೆ. ಇಂಗ್ಲೆಂಡಿನಲ್ಲಿ ಗಾಳಕ್ಕೆಂದೇ ತೋಡಿದ ಗೆಂಡೆ ಕೊಳಗಳು ಕಳೆದ ಶತಮಾನದ ಕಡೆಯ ದಶಕಗಳಲ್ಲಿ ಹಿಡಿದ ದಾರಿ ಇದೇ. ಸಾಕಣೆಯ ಕೊಳಕ್ಕೂ ಗಾಳದ ಕೊಳಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು: ಸಾಕಣೆಯವನು ವರ್ಷಕ್ಕೊಮ್ಮೆಯಾದರೂ ಮೀನನ್ನು ಹೊರತೆಗೆಯುತ್ತಾನೆ, ಹಾಗಾಗಿ ನೀರಿಗೆ ಒಂದು ಬಿಡುವು ಸಿಕ್ಕುತ್ತದೆ, ಹಿಡಿದು ಮತ್ತೆ ನೀರಿಗೇ ಬಿಡುವ ಗಾಳದ ಕೊಳದಲ್ಲಿ ಮೀನು ಕಡಿಮೆಯಾಗುವುದೇ ಇಲ್ಲ, ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಅದರ ಮೇಲೆ ಪ್ರತಿಯೊಬ್ಬನೂ ಎರಚುವ ಹಿಟ್ಟಿನ ಉಂಡೆ ಬೇರೆ. ಹಿಡಿದು ಬಿಡುವುದು ಜೀವದಯೆಯ ಕಾರ್ಯವೆಂದು ಭಾವಿಸುವವರಿಗೆ ನನ್ನ ವಿನಯಪೂರ್ವಕವಾದ ಮಾತು ಇದು: ನೀರು ಬಿಸಿಯಾಗಿ ಉಸಿರು ಕಡಿಮೆಯಿರುವ ದಿನಗಳಲ್ಲಿ ಗಾಳಕ್ಕೆ ಸಿಕ್ಕಿ ಸೆಣಸಿದ ಮೀನನ್ನು ಬಿಟ್ಟರೂ ಅದು ಚೇತರಿಸಿಕೊಳ್ಳುವುದು ಕಷ್ಟ. ಅಂಥ ದಿನಗಳಲ್ಲಿ ಗಾಳವನ್ನು ಮನೆಯಲ್ಲಿಡುವುದೇ ದಯೆ.

ಮೀನು ಹೆಚ್ಚಾಗಲಿ ಎಂಬ ಸದಾಶಯವೇ ಕೇಡಾದ ದೃಷ್ಟಾಂತ ಕಾವೇರಿಯಲ್ಲಿಯೇ ಇದೆ. ಗಾಳದವರ ಲೋಕದಲ್ಲಿ ಕಾವೇರಿಯ ಬಿಳಿಮೀನಿಗೆ ಸಾಟಿಯಿಲ್ಲ. 1946ರ ಮಾರ್ಚಿಯಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಅವರು ಕಾವೇರಿಯ ಉಪನದಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು ತೂಗಿತು. ಆ ಸಂತತಿ ಕ್ಷೀಣಿಸಿತೆಂದು, 1970ರ ದಶಕದಿಂದ ಮೊದಲ್ಗೊಂಡು, ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಬಿಳಿಮೀನಿನ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅವು ಹಬ್ಬಿದುವು, ಗಾಳಕ್ಕೂ ಧಾರಾಳವಾಗಿ ಬಿದ್ದುವು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಅವರು ಗಾಳದವರೇ ಬರೆದಿಟ್ಟ ದಾಖಲೆಗಳನ್ನು ಶೋಧಿಸಿ 2015ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ತಿಳಿದುಬಂದುದೇನೆಂದರೆ, ಮೀನಿನ ಸಂಖ್ಯೆ ಏರಿದ್ದು ನಿಜವಾದರೂ ಏರಿದ್ದು ಹೊರಗಿನಿಂದ ತಂದ ಜಾತಿ, ಕಾವೇರಿಯ ಸ್ವಂತದ ಗೂನುಬೆನ್ನಿನ ಬಿಳಿಮೀನು ಅಳಿವಿನ ಅಂಚಿಗೆ ಸರಿದಿದೆ ಎಂಬುದು. 2018ರಲ್ಲಿ ಅದು ಅತ್ಯಂತ ಅಪಾಯಕ್ಕೀಡಾದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಎಷ್ಟು ಮೀನು ಸಿಕ್ಕಿತೆಂಬ ಲೆಕ್ಕವೊಂದನ್ನೇ ನೋಡಿದವರಿಗೆ ಇದು ಕಾಣುತ್ತಿರಲಿಲ್ಲ.

ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿನಿಂದ ಹೆಜ್ಜಾರ್ಲೆ, ಕೊಕ್ಕರೆ, ನೀರುಕಾಗೆಗಳು ಸುತ್ತಣ ಕೆರೆಗಳಿಗೆ ಹಾರಿಬಂದು ಮೀನು ಹಿಡಿಯುವುದನ್ನು ಗುತ್ತಿಗೆದಾರರು ನಷ್ಟವೆಂದು ಬಗೆಯುತ್ತಾರೆ. ಸಲೀಂ ಅಲಿಯವರ ಸೂಚನೆಯಿಂದ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ನಡುಗಡ್ಡೆಗಳ ಹಕ್ಕಿಗಳು ತಿನ್ನುವುದರಲ್ಲಿ ಬಹಳ ಪಾಲು ಸಣ್ಣ ಮೀನು. ಜಿಲೇಬಿ ತುಂಬಿದ ಕೆರೆಯಲ್ಲಿ ಅವು ಮಾಡುವ ಕಳೆಗೀಳುವ ಕೆಲಸಕ್ಕೆ ಕೂಲಿ ಕೊಡಬೇಕಾಗಿಲ್ಲ.

ಕೆರೆ ಕೆಡುವುದಕ್ಕೆ ಮೀನೊಂದನ್ನೇ ಹೊಣೆ ಮಾಡಿದರೆ ಅನ್ಯಾಯವಾದೀತು. 2016ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿರಾಶಿ ಮೀನು ಸತ್ತು ತೇಲಿದಾಗ ಚರಂಡಿಯ ನೀರಿನ ಮಾತೇ ಮುಂದೆ ಬಂದುದು ಯುಕ್ತವೇ ಆಗಿತ್ತು. ನಮ್ಮ ತಾಲ್ಲೂಕು ಕೇಂದ್ರಗಳ ಕೊಚ್ಚೆಯೂ, ಕಬ್ಬು ಭತ್ತದ ಗದ್ದೆಗಳ ಗೊಬ್ಬರವೂ ಕೆರೆಗೆ ಬಂದು ಸೇರುವುದುಂಟು. ಆದರೆ ಊರ ಕೊಚ್ಚೆಯನ್ನು ತಿರುಗಿಸಲು ಸರ್ಕಾರ ಬೇಕು, ಹಣ ಬೇಕು, ಕಾಲ ಬೇಕು. ಕೆರೆಗೆ ಬಿಡುವ ಮರಿಯ ಸಂಖ್ಯೆಯನ್ನು ಇಳಿಸಲು ಇವಾವುದೂ ಬೇಡ. ಕೊಚ್ಚೆ ಬೀಳುವ ಕೆರೆಗೆ ಅದು ಇನ್ನೂ ಅಗತ್ಯ.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಮೀನುಗಾರರ ಸಂಘಗಳಲ್ಲಿಯೂ, ಕೆರೆ ಹರಾಜು ಮಾಡುವ ಪಂಚಾಯಿತಿಗಳಲ್ಲಿಯೂ, ಇಲಾಖೆಯ ಅಧಿಕಾರಿಗಳಲ್ಲಿಯೂ ನನ್ನ ಪ್ರಾರ್ಥನೆ ಇಷ್ಟು. ಬರುವ ವೈಶಾಖದಲ್ಲಿ ನೀರು ಅತ್ಯಂತ ಕೆಳಗಿಳಿದ ದಿನ ತೂಬಿನ ಕಲ್ಲಿನ ಮೇಲೆ ಒಂದು ಗೆರೆ ಹಾಕಿ, ಉಳಿದ ನೀರಿನ ಅಗಲವನ್ನೂ ಆಳವನ್ನೂ ಬರೆದಿಡಿ. ಶ್ರಾವಣದಲ್ಲಿ ಬಿಡುವ ಮರಿಯ ಲೆಕ್ಕಕ್ಕೆ ಅದೇ ಆಧಾರವಾಗಲಿ. ನೂಲಿನೆಳೆಯಂಥ ಮರಿಗಳನ್ನು ಲಕ್ಷಗಟ್ಟಲೆ ಸುರಿಯುವುದಕ್ಕೆ ಬದಲು ಬೆರಳುದ್ದಕ್ಕೆ ಬಲಿತ ಮರಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಬಿಡಿ. ಬೆಲೆ ಏರಲೆಂದು ಎಲ್ಲ ಮೀನನ್ನೂ ಬೇಸಿಗೆಯ ಕಡೆಯವರೆಗೆ ಉಳಿಸಿಕೊಳ್ಳದೆ, ಮಾಘ ಫಾಲ್ಗುಣಗಳಿಂದಲೇ ದೊಡ್ಡವನ್ನು ಆಗಾಗ ಹಿಡಿದು ನೀರಿನ ಭಾರವನ್ನು ಇಳಿಸಿ. ಮೊಳಕೈಯವರೆಗೆ ಕೈಯನ್ನು ನೀರಿಗಿಳಿಸಿದಾಗ ಅಂಗೈ ಹಸಿರಿನಲ್ಲಿ ಮರೆಯಾದರೆ ಆ ದಿನವೇ ಮೇವನ್ನೂ ಗೊಬ್ಬರವನ್ನೂ ನಿಲ್ಲಿಸಿ. ಬೆಳಗಿನ ಜಾವ ಐದು ಗಂಟೆಗೆ ಒಬ್ಬರು ಏರಿಯ ಮೇಲೆ ಹೋಗಿ ನೋಡಿಬನ್ನಿ. ಗಾಳದ ಗೆಳೆಯರು ಈ ಕೆಲಸವನ್ನು ವಹಿಸಿಕೊಂಡರೆ ಊರಿಗೆ ಉಪಕಾರವಾಗುತ್ತದೆ, ಆ ಹೊತ್ತಿಗೆ ಎದ್ದು ಕೆರೆಗೆ ಹೋಗುವ ಅಭ್ಯಾಸ ಅವರಿಗೆ ಹೇಗೂ ಇದೆ.